ಹತ್ತು ಮಿನುಗು

ಮೂರು ಬಡಿತ, ಬಾಗಿಲಿಗೋ ನನ್ನ ಎದೆಗೋ ತಿಳಿಯದಂತೆ ಮೂರು, ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ ಯಾರು ಸಾಯುತ್ತಿದ್ದಾರೆ — ಮೂವತ್ತು ವರ್ಷ ನರ್ಸಾಗಿದ್ದವಳಿಗೆ ಈ ಹೊತ್ತಿನ ಬಡಿತಕ್ಕೆ ಬೇರೆ ಅರ್ಥವೇ ಹೊಳೆಯದು — ಚಿಲಕ ತೆಗೆದರೆ ತಮ್ಮ, ಕೊರಳಲ್ಲಿ ದುರ್ಬೀನು, ಅಂಗಿಯ ಗುಂಡಿಗಳೆಲ್ಲ ತಪ್ಪು ಕಾಜದಲ್ಲಿ, ಅಕ್ಕಾ ಮಹಡಿಗೆ ಬಾ, ಇನ್ನು ಹತ್ತೇ ನಿಮಿಷಕ್ಕೆ ಬರುತ್ತೆ, ಇನ್ನೊಂದು ಸಲ ಎಣಿಸು, ಇದೊಂದೇ ಸಲ. ಏನು ಬರುತ್ತದೆಂದು ಕೇಳಬೇಕಿಲ್ಲ. ಹನ್ನೊಂದು ದಿನದಿಂದ ಮೌನವಾಗಿರುವ ಅವನ ಉಪಗ್ರಹ, ಅದಕ್ಕೆ ಕೊನೆಯ ಆದೇಶ ಕಳಿಸಿದ ಬೆರಳು ಇವನದು, ಆ ಆದೇಶವೇ ಅದನ್ನು ಬುಗುರಿಯಂತೆ ತಿರುಗಿಸಿತೆಂದು ಮೇಲಧಿಕಾರಿಯ ವಾದ, ಹಾಗೆ ತಿರುಗುತ್ತಿದ್ದರೆ ಆರು ಪಾಯಿಂಟ್ ಮೂರು ಸೆಕೆಂಡಿಗೊಮ್ಮೆ ಬಿಸಿಲು ತಾಗಿ ಮಿನುಗಬೇಕೆಂದು ಅವರ ಲೆಕ್ಕ, ಮೊನ್ನೆ ಇದೇ ಮಹಡಿಯಲ್ಲಿ ಇವನು ದುರ್ಬೀನಿಗೆ ಕಣ್ಣಿಟ್ಟು ಮಿನುಗಿದಾಗಲೆಲ್ಲ ಹ್ಞೂ ಅನ್ನುತ್ತ, ನಾನು ಸ್ಟಾಪ್‌ವಾಚ್ ಹಿಡಿದು ಮನಸ್ಸಿನಲ್ಲೇ ಎಣಿಸುತ್ತ, ಹತ್ತು ಮಿನುಗಿಗೆ ಅರವತ್ಮೂರು ಸೆಕೆಂಡು, ಹತ್ತರಿಂದ ಭಾಗಿಸಿದರೆ ಆರು ಪಾಯಿಂಟ್ ಮೂರು, ಕೂದಲೆಳೆಯ ವ್ಯತ್ಯಾಸವಿಲ್ಲ — ಪ್ರಾಮಾಣಿಕ ಪ್ರಾಣಿ, ಅದನ್ನು ಮೇಲಧಿಕಾರಿಗೆ ಒಪ್ಪಿಸಿ ನೇಣಿಗೆ ತನ್ನ ಕುತ್ತಿಗೆಯ ಅಳತೆ ತಾನೇ ಕೊಟ್ಟು ಬಂದ, ಇಂದು ಎಂಟಕ್ಕೆ ರಾಜೀನಾಮೆ ಮೇಜಿನ ಮೇಲಿರಬೇಕಂತೆ, ಹೆಂಡತಿಗೆ ಇನ್ನೂ ಹೇಳಿಲ್ಲವಂತೆ. ಮೆಟ್ಟಿಲು ಅಂಗಾಲಿಗೆ ತಣ್ಣಗೆ, ನಾವು ನೋಡಿದ್ದು ಬೇರೆ ಯಾವುದಾದರೂ ಇರಬಹುದಲ್ಲೋ, ಇದೆ ಅಕ್ಕ, ಅದೇ ದಾರೀಲಿ ಹಳೇ ರಾಕೆಟ್ಟಿನ ತುಂಡೊಂದು ಸುತ್ತುತ್ತೆ, ಆದ್ರೆ ಅದು ಮಿನುಗೋದು ಏಳು ಸೆಕೆಂಡಿಗೊಮ್ಮೆ, ನಿನ್ನ ಎಣಿಕೆ ತಪ್ಪುತ್ತಾ, ಇವಳು ನಾಡಿ ಹಿಡಿದ್ರೆ ಸತ್ತವನೂ ಎದ್ದು ಕೂತು ಸಂಖ್ಯೆ ಕೇಳ್ತಾನೆ ಅಂತ ಅಮ್ಮ ಅಂತಿರಲಿಲ್ವಾ. ನಗುತ್ತಾನೆ, ಸ್ಟಾಪ್‌ವಾಚ್ ನನ್ನ ಕೈಗಿಟ್ಟು ದುರ್ಬೀನು ಕಣ್ಣಿಗೇರಿಸುತ್ತಾನೆ. ಬಂತು ಅಕ್ಕ, ಹ್ಞೂ — ಗುಂಡಿ ಒತ್ತಿದೆ, ಒಂದು — ಕತ್ತಲು — ಹ್ಞೂ, ಎರಡು — ಏಳಾಗಲಿ, ಏಳಾಗಲಿ — ಹ್ಞೂ, ಮೂರು — ಕತ್ತಲು ಯಾಕಿಷ್ಟು ಉದ್ದ — ಒಂಬತ್ತು, ಹ್ಞೂ, ಹತ್ತು. ಅರವತ್ಮೂರು. ಮತ್ತೆ ಅದೇ. ಹೇಳಿದ ಕೂಡಲೇ ತಮ್ಮ ಗೋಡೆಗೊರಗಿ ಕುಸಿಯುತ್ತಾನೆ, ನನ್ನ ಬೆರಳು ತಾನಾಗಿ ಅವನ ಮಣಿಕಟ್ಟಿಗೆ ಹೋಗುತ್ತದೆ, ಬಡಿತ, ಒಂದು, ಬಡಿತ, ಎರಡು — ಒಂದು ಎಂದಾಗ ಎಷ್ಟು ಹೊತ್ತು ಕಳೆದಿತ್ತು? ಏನೂ ಇಲ್ಲ. ನಾಡಿ ನೋಡುವಾಗ ನಿಮಿಷವನ್ನು ಕಟ್ಟಿಹಾಕಿ ಬಡಿತ ಎಣಿಸುತ್ತೇವೆ, ಒಂದು ಹೆಚ್ಚಾದರೆ ಯಾರ ಪ್ರಾಣವೂ ಹೋಗದು, ಇಲ್ಲಿ ಮಿನುಗನ್ನು ಕಟ್ಟಿಹಾಕಿ ಹೊತ್ತನ್ನು ಅಳೆದಿದ್ದೇನೆ, ಮೊದಲ ಮಿನುಗಿಗೆ ಸೊನ್ನೆ ಅನ್ನಬೇಕಿತ್ತು, ಹತ್ತು ಮಿನುಗಿನ ನಡುವೆ ಕತ್ತಲು ಒಂಬತ್ತೇ, ಒಂಬತ್ತೇಳ್ಲ ಅರವತ್ಮೂರು — ಏಳು, ರಾಕೆಟ್ಟಿನ ತುಂಡು, ಇವನದಲ್ಲ, ಇವನ ಬೆರಳಿನ ತಪ್ಪೆನ್ನಲು ಸಾಕ್ಷಿಯೇ ಇಲ್ಲ — ಮೊನ್ನೆಯಿಂದ ಇವನು ಅನ್ನ ಮುಟ್ಟಿಲ್ಲ, ಎಲ್ಲಿ ತಪ್ಪಾಯ್ತಕ್ಕ, ತಪ್ಪು ಮಾಡಿದ್ದು ಯಾರು, ನೀನಾದ್ರೂ ಹೇಳು, ಮೇಲೆ ಮಿನುಗು, ಕತ್ತಲು, ಮಿನುಗು, ಕತ್ತಲು —

ನಾನು ಕಣೋ, ನಿನ್ನ ಅಕ್ಕ.