ಚಕ್ರಕ್ಕೆ ಕಲ್ಲು ಕೊಟ್ಟವನು

"ಸ್ವಲ್ಪ ಎಡಕ್ಕೆ... ಹಾಂ, ಈಗ ಒಳಗೆ ತಳ್ಳಿ," ಎಂದು ಬಸ್ಸಿನ ಮೆಕ್ಯಾನಿಕ್ ಹೇಳುತ್ತಿದ್ದಂತೆ ತೀರಿಕೊಂಡ ಅಣ್ಣನ ದೇಹವನ್ನು ವ್ಯಾನಿನೊಳಗೆ ಸರಿಸಿದರು. ತಲೆಯ ಕಡೆ ಹಿಡಿದಿದ್ದವನು ತಮ್ಮ. ಇಬ್ಬರೂ ಒಂದೇ ಬಸ್ಸಿನಲ್ಲಿ ಬದುಕು ಸವೆಸಿದವರು. ಅಣ್ಣ ಡ್ರೈವರ್, ತಮ್ಮ ಕಂಡಕ್ಟರ್.

ಬಾಗಿಲು ಹಾಕುವ ಮೊದಲೇ ಮೆಕ್ಯಾನಿಕ್ ಶುರುವಿಟ್ಟುಕೊಂಡ. "ಎಂಥಾ ಗಂಡೆದೆ ನಮ್ಮ ಡ್ರೈವರಣ್ಣಂದು! ಏರಲ್ಲಿ ಬಸ್ಸು ಹಿಂದಕ್ಕೆ ಜಾರಿದಾಗ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟೋನು. ಇಲ್ದಿದ್ರೆ ಅಷ್ಟೂ ಜನ ಕಣಿವೆ ಪಾಲು."

"ಕಲ್ಲು ಕೊಟ್ಟಿದ್ದು ನಾನು ಕಣ್ರೀ," ಎಂದ ತಮ್ಮ.

"ಟಿಕೆಟ್ ಹರಿಯೋ ಕೈಗೆ ಆ ಬಂಡೆ ಏಳುತ್ತೇನಯ್ಯಾ?" ಮೆಕ್ಯಾನಿಕ್ ಬೆನ್ನು ಸವರಿದ. "ದುಃಖದಲ್ಲಿ ತಲೆ ಕೆಟ್ಟಿರುತ್ತೆ. ಹತ್ತು, ಗಾಡಿ ಹೊರಡ್ಲಿ."

*

ವರ್ಷಗಳ ಹಿಂದೆ ಆ ಏರಿನ ಅರ್ಧದಲ್ಲಿ ಬ್ರೇಕ್ ಕೈಕೊಟ್ಟಿತ್ತು. ಅಣ್ಣ ಸ್ಟೀರಿಂಗಿಗೆ ಜೋತುಬಿದ್ದು "ಕಲ್ಲು ಕೊಡೋ!" ಎಂದು ಅರಚಿದ್ದ. ತಮ್ಮ ಧುಮುಕಿ, ರಸ್ತೆಬದಿಯ ಕಲ್ಲನ್ನು ಅಪ್ಪಿ ತಂದು ಹಿಂಚಕ್ರಕ್ಕೆ ಒಡ್ಡಿದ್ದ. ಬಸ್ಸು ನಿಂತ ಮೇಲೆ ಅಣ್ಣ ಅವನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಿದ್ದ.

ಮೊದಮೊದಲು "ನನ್ನ ತಮ್ಮ ಕಲ್ಲು ಕೊಟ್ಟ" ಎನ್ನುತ್ತಿದ್ದ. ಆಮೇಲೆ ಅದು "ನಾವು ಕೊಟ್ವಿ" ಆಯಿತು. ಯಾವಾಗ "ನಾನು ಕೊಟ್ಟೆ" ಆಯಿತೋ, ದೇವರೇ ಬಲ್ಲ. ಬೇಕೆಂದೇ ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು. ಆದರೆ ಹೇಳುವುದನ್ನು ಅಣ್ಣ ನಿಜಕ್ಕೂ ನಂಬಿದ್ದ, ತಮ್ಮನ ಹೊಟ್ಟೆ ಉರಿಸುತ್ತಿದ್ದುದೇ ಅದು. ಅಂದು ಹಿಂದಿನ ಸೀಟಿನ ಕಿಟಕಿಯಿಂದ ಅತ್ತಿಗೆ ಎಲ್ಲವನ್ನೂ ನೋಡಿದ್ದಳು. ಒಂದಲ್ಲ ಒಂದು ದಿನ ಅವಳೇ ಬಾಯಿಬಿಡುತ್ತಾಳೆ ಎಂದು ತಮ್ಮ ನಂಬಿ ಕೂತಿದ್ದ.

*

ಮಣ್ಣು ಮಾಡಿ ಬಂದವರು ಒಬ್ಬೊಬ್ಬರಾಗಿ ಹೋದರು. ತಮ್ಮ ಅತ್ತಿಗೆಯ ಎದುರು ಕುಳಿತ.

"ಅತ್ತಿಗೆ, ಇವತ್ತು ಕೇಳಬಾರದು. ಆದ್ರೂ ತಡೆಯೋಕೆ ಆಗ್ತಿಲ್ಲ. ಆವತ್ತು ಕಲ್ಲು ಕೊಟ್ಟಿದ್ದು ಯಾರು?"

"ನಿಮ್ಮಣ್ಣ. ಕಣ್ಣಿಗೆ ಕಟ್ಟಿದ ಹಾಗಿದೆ."

"ಡ್ರೈವರ್ ಇಳಿದ್ರೆ ಸ್ಟೀರಿಂಗ್ ಹಿಡಿದಿದ್ದು ಯಾರು?"

"ನೀನಲ್ವೇನಪ್ಪಾ?"

"ನಂಗೆ ಆಗ ಗಾಡಿ ಓಡಿಸೋಕೆ ಎಲ್ಲಿ ಬರ್ತಿತ್ತು!"

ಅತ್ತಿಗೆ ಕಣ್ಣೊರೆಸಿಕೊಂಡಳು. "ಯಾಕೋ ಹೀಗಾಡ್ತೀಯಾ? ಅವರು ಯಾವತ್ತಾದ್ರೂ ನಿನ್ನ ಬಿಟ್ಟುಕೊಟ್ಟಿದ್ರಾ? 'ಓಡಿಸೋಕೆ ಬರದಿದ್ರೂ ಸ್ಟೀರಿಂಗ್ ಬಿಡಲಿಲ್ಲ ನನ್ನ ತಮ್ಮ' ಅಂತ ಕಂಡೋರ ಹತ್ರ ಎಲ್ಲಾ ಹೇಳ್ತಿದ್ರು. ಅವರ ಪಾಲಿಂದೂ ನಿಂಗೇ ಬೇಕಾ?"

ತಮ್ಮ ದಡಕ್ಕನೆ ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ಕುಕ್ಕರಿಸಿದ. ಎಲ್ಲರೂ ಸೇರಿ ಕತ್ತು ಕೊಯ್ದರು. ನಂಬಿದ ಅತ್ತಿಗೆಯೂ ಕೈಬಿಟ್ಟಳು. ಹಾಳಾಗಿ ಹೋಗಲಿ, ನನಗೆ ನೆನಪಿದೆಯಲ್ಲ, ಅಷ್ಟು ಸಾಕು ಎಂದು ಕಣ್ಣು ಮುಚ್ಚಿಕೊಂಡ.

ಏರು ಕಾಣಿಸಿತು. ಬಸ್ಸು ಜಾರತೊಡಗಿತು. ಹಿಂಚಕ್ರದ ಹತ್ತಿರ ಕಲ್ಲು ಅಪ್ಪಿಕೊಂಡು ಬಗ್ಗಿದ್ದ ಬೆನ್ನು ಕಾಣಿಸಿತು, ಬೆವರಿಗೆ ಅಂಟಿದ ಖಾಕಿ ಅಂಗಿ. ಆದರೆ ಅದೆಲ್ಲ ಕಾಣುತ್ತಿದ್ದುದು ಡ್ರೈವರ್ ಪಕ್ಕದ ಕನ್ನಡಿಯಲ್ಲಿ. "ತಿರುಗೋ," ಎಂದ ತಮ್ಮ, "ಮುಖ ತೋರಿಸು."

ಅವನು ತಿರುಗಿದ. ಅಣ್ಣ.

"ಬಿಡಬೇಡ ಕಣೋ," ಎಂದು ಕೂಗುತ್ತಿದ್ದ, "ಸ್ಟೀರಿಂಗ್ ಗಟ್ಟಿಯಾಗಿ ಹಿಡ್ಕೋ!"