ಮುಳುಗುವ ಪಾತ್ರ

ಸಂಡೂರಿನ ಗುಡ್ಡಗಳು ಟನ್ನಿನ ರೇಟಿನಲ್ಲಿ ಚೀನಾಕ್ಕೆ ಹೋಗುತ್ತಿದ್ದ ವರ್ಷಗಳಲ್ಲಿ ಹೊಸಪೇಟೆಯ ಜನ ಬೆರಗಾಗುವುದನ್ನೇ ಬಿಟ್ಟಿದ್ದರು. ಹೋದ ವರ್ಷ ಪಂಕ್ಚರ್ ಹಾಕುತ್ತಿದ್ದವನು ಈ ವರ್ಷ ಹೆಲಿಕಾಪ್ಟರಿನ ಬೆಲೆ ವಿಚಾರಿಸುತ್ತಿದ್ದ. ಹಾಗಾಗಿ ಅಕ್ಕಿ ಗಿರಣಿ ಮುಚ್ಚಿ ಅದಿರಿನ ಲಾರಿಗೆ ಇಳಿದಿದ್ದ ಸಿದ್ದಲಿಂಗೇಶ್, ಡ್ಯಾಮಿನ ಹಿನ್ನೀರಿನ ದಂಡೆಗೆ ರೆಸಾರ್ಟ್ ಕಟ್ಟಿಸಿ ಆರು ಪ್ಯಾಡಲ್ ಬೋರ್ಡ್ ತರಿಸಿದಾಗ ಯಾರೂ ಹುಬ್ಬೇರಿಸಲಿಲ್ಲ. ಎರಡಾಳುದ್ದದ ಹಲಗೆ. ಅದರ ಮೇಲೆ ನಿಂತುಕೊಂಡು ಹುಟ್ಟು ಹಾಕುತ್ತಾ ಹೋಗಬೇಕು. ಎಲ್ಲಿಗೆ ಎಂದರೆ ಎಲ್ಲಿಗೂ ಅಲ್ಲ, ಹೋಗಿ ತಿರುಗಿ ಬರಬೇಕು, ಅಷ್ಟೆ.

ರೆಸಾರ್ಟಿನಲ್ಲಿ ತುಳಸಿಗೆ ಚಾದರ ಬದಲಿಸುವ ಕೆಲಸ. ಒಂದು ಮಧ್ಯಾಹ್ನ ಯಾರೂ ಇಲ್ಲದ ಹೊತ್ತು ನೋಡಿ ಅವಳು ಹಲಗೆ ಹತ್ತಿದಳು. ಕಂಪ್ಲಿ ಕೋಟೆಯ ಹತ್ತಿರ ತೆಪ್ಪ ನಡೆಸುವ ತಾಯಪ್ಪನ ಮಗಳು. ದುಂಡನೆಯ ಬಿದಿರು ತೆಪ್ಪದಲ್ಲಿ ಅಂಬೆಗಾಲಿಟ್ಟವಳಿಗೆ ಹಲಗೆ ರಸ್ತೆಯಂತೆ ಕಂಡಿತು. ಅರ್ಧ ಫರ್ಲಾಂಗು ಹೋಗಿ ಬಂದರೆ ದಂಡೆಯಲ್ಲಿ ಸಿದ್ದಲಿಂಗೇಶ್ ನಿಂತಿದ್ದ.

"ಗೋವಾದಾಗ ನಾ ಹದಿನಾಕ್ ಸಲ ಬಿದ್ದೀನಿ," ಎಂದ ಅವನು, ತುಸು ನೊಂದವನಂತೆ. "ಕಾರವಾರದಿಂದ ಪರೀಕ್ಷೆ ಮಾಡೋರು ಬರ್ತಾರ. ಸರ್ಟಿಫಿಕೇಟ್ ತಗೊ, ಕಲಿಸೋ ಕೆಲಸ ನಿಂದು. ತಗೊಳ್ಳಿಲ್ಲ ಅಂದ್ರ ಗೋವಾದ ಹುಡುಗ ಬರ್ತಾನ. ಅವನ ಹಾಸಿಗಿ ಚಾದರ ನೀನೇ ಬದಲಿಸ್ತಿ."

ಆ ಕೊನೆಯ ಮಾತು ತುಳಸಿಗೆ ಸಂಬಳಕ್ಕಿಂತ ಚೆನ್ನಾಗಿ ನಾಟಿತು.

ಕಾರವಾರದಿಂದ ಬಂದ ಆಗ್ನೆಲ್ ಪಠ್ಯಪುಸ್ತಕದಂಥ ಕನ್ನಡ ಆಡುತ್ತಿದ್ದ. ಐದು ದಿನ ಪಾಠ, ಆರನೆಯ ದಿನ ಪರೀಕ್ಷೆ. ಗಾಳಿ ನೋಡುವುದು, ಹೆದರಿದವರಿಗೆ ಕಲಿಸುವುದು, ಕಡೆಗೆ ಮುಳುಗುವವರನ್ನು ಎತ್ತುವುದು. ಮೂರನೆಯ ದಿನ ಅವನು ಹೇಳಿದ್ದ: "ನಿಜವಾಗಿ ಮುಳುಗುವ ವ್ಯಕ್ತಿ ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಬಾಯಿ ಮೇಲಕ್ಕೆ ಮಾಡಿ, ಕಾಣದ ಏಣಿ ಹತ್ತುವವನಂತೆ ನೀರನ್ನು ಒತ್ತುತ್ತಾನೆ. ಅವನನ್ನು ಮುಟ್ಟಬೇಡಿ. ಹಲಗೆಯನ್ನು ಮುಂದೆ ನೂಕಿ, ಸಮಾಧಾನದ ಮಾತು ಆಡಿ. ಮುಟ್ಟಿದರೆ, ಅಥವಾ ಹಲಗೆ ಬಿಟ್ಟರೆ ಅನುತ್ತೀರ್ಣ."

ಪರೀಕ್ಷೆಯ ದಿನ ಕಂಪ್ಲಿಯಿಂದ ಒಂದು ಟಿಪ್ಪರ್ ತುಂಬ ಜನ ಬಂದರು. ಅದಿರು ಹೊರುವ ಗಾಡಿಯನ್ನು ಸಿದ್ದಲಿಂಗೇಶ್ ತೊಳೆಸಿ ಕಳಿಸಿದ್ದ. ಎಷ್ಟು ತೊಳೆದರೂ ಹೋಗದ ಕೆಂಪು ಎಲ್ಲರ ಹಿಂಭಾಗಕ್ಕೂ ಹತ್ತಿತ್ತು. ದಿನಾ ತಾಯಪ್ಪನ ತೆಪ್ಪದಲ್ಲಿ ಆಚೆ ದಂಡೆಯ ಬಾಳೆ ತೋಟಕ್ಕೆ ಕೂಲಿಗೆ ಹೋಗುವ ಜಂಬಕ್ಕ, ಭರಮಣ್ಣ, ತುಳಸಿಯ ತಾಯಿ ಭೀಮಮ್ಮ, ಎಲ್ಲರಿಗಿಂತ ಮುಂದೆ ಇಸ್ತ್ರಿ ಅಂಗಿಯ ತಾಯಪ್ಪ.

ಪರೀಕ್ಷೆಗೆಂದು ಮುಳುಗಿದಂತೆ ನಟಿಸುವ ಪಾತ್ರ ರೆಸಾರ್ಟಿನ ಅಡುಗೆಯ ಮೂಕಪ್ಪನದು. ಅವನಿಗೆ ಬೆಳಿಗ್ಗೆ ಚಳಿಜ್ವರ ಬಂತು. ನೀರು ನೋಡಿದ ಮೇಲೆ ಬಂತು ಎಂದೂ ಕೆಲವರು ಹೇಳಿದರು.

"ನೀರು ಚೆನ್ನಾಗಿ ಬಲ್ಲವರು ಯಾರಾದರೂ ಇದ್ದಾರೆಯೇ?" ಎಂದ ಆಗ್ನೆಲ್.

ಟಿಪ್ಪರಿನ ಜನವೆಲ್ಲ ಒಂದೇ ಕಡೆ ತಿರುಗಿತು. "ನಮ್ಮ ತಾಯಪ್ಪಣ್ಣ ಅದಾನಲ್ರಿ," ಎಂದಳು ಜಂಬಕ್ಕ. "ಮೂವತ್ತು ವರ್ಷ ಆತು, ಒಂದು ದಿನ ಅವನ ಪಂಚಿ ತೊಯ್ದಿಲ್ಲ."

ಅದು ನಿಜವೇ. ತಾಯಪ್ಪ ಮೊಣಕಾಲಿಗಿಂತ ಮೇಲೆ ಹೊಳೆಗೆ ಇಳಿದವನಲ್ಲ. ಸ್ನಾನವೂ ದಂಡೆಯಲ್ಲಿ ಕುಳಿತು ತಂಬಿಗೆಯಿಂದ. ಅನ್ನ ಕೊಡುವ ಹೊಳೆಯನ್ನು ತುಳಿಯಬಾರದು ಎನ್ನುವುದು ಅವರ ಮನೆತನದ ನೇಮ. ಊರು ಅದನ್ನು ಭಕ್ತಿ ಎಂದು ತಿಳಿದಿತ್ತು. ತುಳಸಿಯೂ ಹಾಗೆಯೇ ತಿಳಿದಿದ್ದಳು.

"ಮಗಳ ಪರೀಕ್ಷಾದಾಗ ಅಪ್ಪ ಯಾಕ," ಎಂದು ತಾಯಪ್ಪ ಗೊಣಗಿದ. ಆದರೆ ಜನ ನೋಡುತ್ತಿತ್ತು. ಆಗ್ನೆಲ್ ಕಿತ್ತಳೆ ಬಣ್ಣದ ಜಾಕೆಟ್ಟನ್ನು ಅವನ ಕೊರಳಿಗೆ ಹಾಕಿ ಪಟ್ಟಿ ಬಿಗಿದ.

"ತಾಯಪ್ಪಗ ಯಾಕ್ರೀ ಅದು?" ಎಂದ ಭರಮಣ್ಣ. "ಮೊಸಳಿಗೆ ಸ್ವೆಟರ್ ಹಾಕಿದಂಗ ಕಾಣ್ತೈತಿ."

ಎಲ್ಲರೂ ನಕ್ಕರು. ತಾಯಪ್ಪನೂ ನಕ್ಕ. ಹಲಗೆ ಹತ್ತಿ, ನೆಟ್ಟಗೆ ನಿಂತು, ನೀರು ಕದಡದಂತೆ ಹುಟ್ಟು ಹಾಕುತ್ತಾ ಹೊರಟವನು ನಡುವೆ ಆಗ್ನೆಲ್‌ಗೆ ಬೆನ್ನು ಮಾಡಿ ಪಟ್ಟಿಗಳನ್ನು ಸಡಿಲಿಸಿಕೊಂಡ. ಊರಿನೆದುರು ಮಾನ ಮುಖ್ಯ.

ಸೀಟಿ ಊದಿದರೆ ಅವನು ಬೀಳಬೇಕು. ಆಗ್ನೆಲ್ ಊದಿದ. ತಾಯಪ್ಪ ನಿಂತೇ ಇದ್ದ. ಎರಡನೆಯ ಸೀಟಿಗೆ ದಂಡೆಯ ಕಡೆ ಒಮ್ಮೆ ನೋಡಿ, ಕಣ್ಣು ಮುಚ್ಚಿಕೊಂಡು ಬಿದ್ದ. ಕಾಲಡಿಯ ಹಲಗೆ ಒಂದು ಕಡೆ ಜಾರಿತು, ಜಾಕೆಟ್ ತಲೆಯಿಂದ ಕಳಚಿ ತನ್ನ ಪಾಡಿಗೆ ತೇಲಿಹೋಯಿತು.

ತುಳಸಿ ಪಾಠದಂತೆ ಹೊರಟಳು. ಅರ್ಧ ದಾರಿಯಲ್ಲಿ ಅಪ್ಪನ ಮುಖ ಕಂಡಿತು. ಬಾಯಿ ಮೇಲಕ್ಕಿತ್ತು. ಕೂಗು ಇರಲಿಲ್ಲ. ಎರಡೂ ಕೈ ನೀರನ್ನು ಒತ್ತುತ್ತಿದ್ದವು, ಕಾಣದ ಏಣಿ ಹತ್ತುವವನಂತೆ.

ಅಪ್ಪ ಮೂರನೆಯ ದಿನದ ಪಾಠಕ್ಕೆ ಬಂದಿರಲಿಲ್ಲವಲ್ಲ ಎಂದು ಅವಳಿಗೆ ಹೊಳೆಯಿತು.

ಅವಳು ಹಲಗೆ ನೂಕಲಿಲ್ಲ, ಸಮಾಧಾನ ಹೇಳಲಿಲ್ಲ. ಧುಮುಕಿ, ಮುಳುಗುತ್ತಿದ್ದ ತಲೆಗೂದಲಿಗೆ ಕೈ ಹಾಕಿದಳು. ತಾಯಪ್ಪ ಅವಳ ಭುಜವನ್ನೇ ಮೆಟ್ಟಿಲು ಮಾಡಿಕೊಂಡ. ಎರಡು ಸಲ ಇಬ್ಬರೂ ಕೆಳಗೆ ಹೋದರು. ತನ್ನ ಕಾಲಿಗೆ ಕಟ್ಟಿದ್ದ ಹಗ್ಗ ಜಗ್ಗಿ ಹಲಗೆ ಹತ್ತಿರ ಎಳೆದುಕೊಂಡು, ಅಪ್ಪನನ್ನು ಅಕ್ಕಿ ಚೀಲದಂತೆ ಅದರ ಮೇಲೆ ಒಗೆದಳು. ದಂಡೆಯಲ್ಲಿ ಜನ ಚಪ್ಪಾಳೆ ಹೊಡೆಯುತ್ತಿತ್ತು.

"ಅಭಿನಯ ಅದ್ಭುತ," ಎಂದ ಆಗ್ನೆಲ್, ನೀರು ಕಾರುತ್ತಿದ್ದ ತಾಯಪ್ಪನ ಬೆನ್ನು ತಟ್ಟಿ. "ಆದರೆ ತುಳಸಿ, ಹಲಗೆ ಬಿಟ್ಟಿರಿ. ಮುಟ್ಟಿದಿರಿ. ಕೂದಲು ಹಿಡಿದಿರಿ. ಒಂದು ಮಾತೂ ಆಡಲಿಲ್ಲ. ವಿಷಾದದಿಂದ ಹೇಳುತ್ತೇನೆ, ಅನುತ್ತೀರ್ಣ."

ಸಿದ್ದಲಿಂಗೇಶ್ ಮೊಬೈಲ್ ತೆಗೆದು ಗೋವಾದ ನಂಬರ್ ಹುಡುಕತೊಡಗಿದ.

ಒಂದು ಮಾತು ಆಡಿದರೆ ಸಾಕಿತ್ತು. ಆ ಮಾತು ತುಳಸಿಯ ಹಲ್ಲಿನ ಹಿಂದೆಯೇ ಕುಳಿತಿತ್ತು. ಆಡಿದರೆ ಹಲಗೆ ತನ್ನದು. ಆದರೆ ನಾಳೆಯಿಂದ ಅಪ್ಪನ ತೆಪ್ಪ ಹತ್ತುವವರು ಯಾರು? ಅವಳು ಸೆರಗು ಹಿಂಡುತ್ತಾ ನಿಂತ ತಾಯಿಯನ್ನು ನೋಡಿದಳು. ಭೀಮಮ್ಮ ನೆಲ ನೋಡಿದಳು. ತುಳಸಿ ಒದ್ದೆ ತಲೆ ಬಗ್ಗಿಸಿದಳು. "ಆತ್ರಿ ಸರ್. ತಪ್ಪಾತು."

"ಸಾಹೇಬ್ರ," ಎಂದ ತಾಯಪ್ಪ. ಕೆಮ್ಮು ತಡೆದು ಮತ್ತೆ ಹೇಳಿದ. "ನಾಟಕ ಅಲ್ಲ ಅದು. ನನಗ ಈಜಾಕ ಬರಂಗಿಲ್ಲ."

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ.

"ಬಂದೇ ಇಲ್ಲ," ಎಂದ ತಾಯಪ್ಪ. "ನಮ್ಮಪ್ಪಗೂ ಬರ್ತಿದ್ದಿಲ್ಲ."

ಭರಮಣ್ಣ ನಿಂತಲ್ಲೇ ಕುಕ್ಕರಿಸಿದ. ಜಂಬಕ್ಕನ ಬೆರಳುಗಳು ತಾವಾಗಿಯೇ ಎಣಿಸತೊಡಗಿದವು. "ಆ ವರ್ಷ ಹೊಳಿ ತುಂಬಿ ಬಂದಾಗ," ಎಂದಳು ನಿಧಾನಕ್ಕೆ, "ನನ್ನ ಬಾಣಂತಿ ಮಗಳನ್ನ, ಕೂಸಿನ ಸಮೇತ, ನೀನಲ್ಲೇನು ದಾಟಿಸಿದ್ದು?"

"ಹೌದಕ್ಕ."

"ನಡು ಹೊಳಿಯಾಗ ಹೆದರಬ್ಯಾಡ್ರಿ, ನಾನದೀನಿ ಅಂದಿದ್ದಿ."

"ಅಂದಿದ್ದೆ."

ಜಂಬಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅತ್ತ ಆಗ್ನೆಲ್‌ನ ಮುಖ ಬಿಳುಚಿತ್ತು. ಸಾಯುತ್ತಿದ್ದವನ ಅಭಿನಯ ಮೆಚ್ಚಿ ಬೆನ್ನು ತಟ್ಟಿದ್ದ ತನ್ನ ಕೈಗಳನ್ನೇ ಒಮ್ಮೆ ನೋಡಿಕೊಂಡು, ಪರೀಕ್ಷೆಯ ಹಾಳೆ ತಿರುಗಿಸಿದ. ನಿಜವಾದ ಅವಘಡದಲ್ಲಿ ಜೀವ ಉಳಿಸಿದವರಿಗೆ ಉಳಿದ ನಿಯಮ ಅನ್ವಯಿಸುವುದಿಲ್ಲ ಎಂಬ ಸಾಲು ಅಲ್ಲಿತ್ತು. ಈವರೆಗೆ ಯಾರಿಗೂ ಅದು ಬೇಕಾಗಿರಲಿಲ್ಲ. ಅದರ ಕೆಳಗೆ ಉತ್ತೀರ್ಣ ಎಂದು ಬರೆದು ಸಹಿ ಹಾಕಿದ.

ಸಿದ್ದಲಿಂಗೇಶ್ ಮೊಬೈಲ್ ಜೇಬಿಗಿಟ್ಟ. "ಹೋದ ದಸರಾಕ್ಕ ನಾನೂ ಆ ತೆಪ್ಪದಾಗ ಕುಂತಿದ್ನಲ್ಲೋ," ಎಂದ, ಯಾರಿಗೂ ಅಲ್ಲ.

ವಾಪಸು ಹೋಗುವ ಟಿಪ್ಪರಿನಲ್ಲಿ ತುಳಸಿ ತಾಯಿಯ ಪಕ್ಕ ಕುಳಿತಳು. ಸಣ್ಣವಳಿದ್ದಾಗ, ಬಟ್ಟೆ ಒಗೆಯುವ ನೆಪದಲ್ಲಿ ಕಾಲುವೆಗೆ ಕರೆದೊಯ್ದು, ನಡುವಿಗೆ ಸೀರೆ ಕಟ್ಟಿ ಈಜು ಕಲಿಸಿದವಳು ಈ ತಾಯಿಯೇ. ಅಪ್ಪಗ ಹೇಳಬ್ಯಾಡ ಎಂದಿದ್ದಳು.

"ಯವ್ವಾ, ನಿನಗ ಗೊತ್ತಿತ್ತಾ?"

"ಮದುವಿ ಆದ ವರ್ಷಾನೇ ಗೊತ್ತಾತು," ಎಂದಳು ಭೀಮಮ್ಮ. "ಮತ್ತ ನಿನಗ ಯಾಕ ಕಲಿಸಿದೆ ಅಂತೀ?"

ಆ ದಿನ ತುಳಸಿಗೆ ಬಡಿದ ಸಿಡಿಲುಗಳಲ್ಲಿ ಇದು ಎರಡನೆಯದು. ಸಂಡೂರಿನ ಕೆಂಪು ಧೂಳು ಕುಡಿಯುತ್ತಾ ಅವಳು ಕಂಪ್ಲಿಯವರೆಗೆ ತಾಯಿಯ ಸೆರಗಿನ ತುದಿ ಹಿಡಿದುಕೊಂಡೇ ಕುಳಿತಳು.

ಮರುದಿನ ಬೆಳಿಗ್ಗೆ ತಾಯಪ್ಪ ಯಾರೂ ಬರಲಾರರು ಎಂದುಕೊಂಡೇ ತೆಪ್ಪ ಇಳಿಸಿದ. ಜನ ಬಂದಿತ್ತು. ಆದರೆ ಯಾರೂ ಹತ್ತಲಿಲ್ಲ. ಬುತ್ತಿ ಗಂಟು ಹಿಡಿದು ದಂಡೆಯಲ್ಲೇ ನಿಂತು, ಅವನ ಹಿಂದೆ ಬರುತ್ತಿದ್ದವಳನ್ನು ನೋಡುತ್ತಿದ್ದರು.

"ನೀ ಮೊದಲು ಕುಂದ್ರು, ತುಳಸಿ," ಎಂದಳು ಜಂಬಕ್ಕ. "ಕಾಗದ ತಂದೀಯಿಲ್ಲ?"

ತುಳಸಿ ಪ್ಲಾಸ್ಟಿಕ್ ಚೀಲದಿಂದ ಪ್ರಮಾಣಪತ್ರ ತೆಗೆದಳು. ಜಂಬಕ್ಕ ಅದನ್ನು ತಲೆಕೆಳಗಾಗಿ ಹಿಡಿದು, ಮೊಹರಿನ ಮೇಲೆ ಬೆರಳಾಡಿಸಿ, ಸರಿಯಿದೆ ಎಂದು ತಲೆಯಾಡಿಸಿದಳು. ಎಂಟು ಗಂಟೆಗೆ ರೆಸಾರ್ಟಿಗೆ ಹೋಗಬೇಕಿದ್ದ ಪ್ರಮಾಣೀಕೃತ ಶಿಕ್ಷಕಿ ತೆಪ್ಪದ ನಡುವೆ ಕುಳಿತಳು. ಆಮೇಲೆ ಜನ ಒಬ್ಬೊಬ್ಬರಾಗಿ ಹತ್ತಿದರು. ತಾಯಪ್ಪ ಆಗ್ನೆಲ್ ಕೊಟ್ಟು ಕಳಿಸಿದ್ದ ಕಿತ್ತಳೆ ಜಾಕೆಟ್ ಹಾಕಿ, ಮೂರೂ ಪಟ್ಟಿ ಬಿಗಿದು, ಯಾರ ಮುಖವನ್ನೂ ನೋಡದೆ ಹುಟ್ಟು ಹಾಕಿದ.

ನಡುಹೊಳೆಗೆ ಬಂದಾಗ ಜಂಬಕ್ಕ ಪಕ್ಕಕ್ಕೆ ತಿರುಗಿದಳು.

"ಭರಮಾ, ನಿನಗರ ಈಜು ಬರ್ತೈತೇನು?"

ಭರಮಣ್ಣ ಆಚೆ ದಂಡೆಯ ಬಾಳೆ ತೋಟವನ್ನು, ದಿನಾ ನೋಡಿದ್ದನ್ನೇ, ದಂಡೆ ಮುಟ್ಟುವವರೆಗೂ ನೋಡುತ್ತಾ ಕುಳಿತ.