ಡಗ್ಗಾ ಮತ್ತು ಗೆಜ್ಜೆ

ಅಮೋಘಪ್ಪ ಮಾಸ್ತರರು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಬಾಯಿ ತೆರೆದ ದಿನವೇ ನನಗೆ ಅವರ ಮೇಲೆ ಅನುಮಾನ ಬಂದಿತ್ತು. ಬರದೇ ಏನು? ಕಲಬುರಗಿಯ ಜಗತ್ ಸರ್ಕಲ್ಲಿನಲ್ಲಿ ರೇಡಿಯೋ, ಟೇಪ್ ರಿಪೇರಿ ಮಾಡಿಕೊಂಡು ಕೂತವನು ನಾನು. ದನಿ ಬರುವುದಿಲ್ಲ ಅನ್ನುವವರು ಬರುತ್ತಾರೆ, ಗೊರಗೊರ ಅನ್ನುತ್ತದೆ ಅನ್ನುವವರು ಬರುತ್ತಾರೆ. ಇಂಥ ಬೇಡಿಕೆ ಹೊತ್ತು ಯಾರೂ ಬಂದಿರಲಿಲ್ಲ.

ಮಾಸ್ತರರು ಕಮಲಾಪುರದವರು, ತಬಲಾ ಕಲಿಸುವವರು. ನಡುವಯಸ್ಸಿನಲ್ಲಿ ಕಣ್ಣು ಪೂರ್ತಿ ಹೋಗಿದ್ದವು. ವಾಕ್‌ಮನ್ ನಮ್ಮ ಕಡೆ ಬಂದ ಹೊಸತು ಅದು. ಅವರ ಮಡಿಲಲ್ಲೂ ಒಂದಿತ್ತು, ಜೊತೆಗೆ ಕಿವಿಯನ್ನು ಇಡಿಯಾಗಿ ನುಂಗುವಂಥ ದಪ್ಪ ಹೆಡ್‌ಫೋನು.

"ಇದು ಹಾಕ್ಕೊಂಡ್ರ ಡಗ್ಗಾ ಎದಿಗೇ ಬಂದು ಬಡೀತದ, ಗುಂಡಣ್ಣಾ. ಆದ್ರ ಮನಿ ಸತ್ತ್ ಹೋಗ್ತದ," ಎಂದರು. ತಬಲಾ ಜೋಡಿಯಲ್ಲಿ ಎಡಗೈಯದು ಡಗ್ಗಾ; ಆ ಗುಂಯ್ ಎನ್ನುವ ದನಿಯಲ್ಲೇ ಅವರ ಜೀವ. "ನನಗ ಡಗ್ಗಾನೂ ಕೇಳಬೇಕು, ಅಡಗಿ ಮನ್ಯಾಗ ಹಲ್ಲಿ ಲೊಚಗುಟ್ಟಿದ್ರೂ ಕೇಳಬೇಕು."

ಕಣ್ಣಿಲ್ಲದವರು ಕಿವಿ ಮುಚ್ಚಿಕೊಂಡು ಹೇಗೆ ಕೂರಬೇಕು, ನ್ಯಾಯವಾದ ಮಾತೇ ಅಂದುಕೊಂಡೆ. ಆಗ ಅವರು ದನಿ ಇಳಿಸಿ ಇನ್ನೊಂದು ಸೇರಿಸಿದರು. "ನೋಡಿದವರಿಗಿ ಮಾತ್ರ ಕಿವಿ ಪೂರಾ ಮುಚ್ಚ್ಯಾವ ಅನ್ನಿಸ್ಬೇಕು."

"ಯಾರಿಗಿ ಅನ್ನಿಸ್ಬೇಕ್ರೀ?"

"ನಮ್ಮ ಮನಿಯಾಕಿಗಿ."

ವಾಕ್‌ಮನ್ ಕೊಡಿಸಿದವಳು ಅವರ ಹೆಂಡತಿ ದುಂಡಮ್ಮನೇ, ತನ್ನ ಅಂಗನವಾಡಿ ಪಗಾರದಲ್ಲಿ. ಮಾಸ್ತರರ ಕಣ್ಣು ಹೋದ ಮೇಲೆ, ಎಲ್ಲಿದ್ದಾಳೆಂದು ಅವರಿಗೆ ತಿಳಿಯಲಿ ಅಂತ ಅವಳ ಕಾಲಿಗೆ ಗೆಜ್ಜೆ ಬಂದಿದ್ದವಂತೆ.

"ಈ ಪೆಟ್ಟಿಗಿ ನಾ ಕೇಳಿರಲಿಲ್ಲ, ತಾನಾಗೇ ತಂದಾಳ. ಊಟ ಆದ ಕೂಡಲೆ ತಾನೇ ನನ್ನ ಕಿವಿಗಿ ಹಚ್ಚತಾಳ. ಯಾಕ? ಒಂದಿನ ನಡುವ ತಗದು ಕೇಳಿದೆ. ಗೆಜ್ಜಿ ಸಪ್ಪಳೇ ಇಲ್ಲ! ಹಿತ್ತಲ ಬಾಗಿಲ ಚಿಲಕ ಮಾತ್ರ ಕಿರ್ ಅಂತು. ನಾ ತಗದದ್ದು ಆಕಿ ನೋಡಿರಬೇಕು, ಗೆಜ್ಜಿ ಮತ್ತ ಘಲ್ ಅಂದ್ವು. ಏನರೆ ನಡದದ, ಗುಂಡಣ್ಣಾ."

ನನಗೆ ಸಿಟ್ಟು ಬಂತು. ಗಂಡ ಹೆಂಡಿರ ನಡುವೆ ನನ್ನದೇನು ಕೆಲಸ, ಬೇರೆ ಅಂಗಡಿ ನೋಡಿಕೊಳ್ಳಿ ಅನ್ನಬೇಕಿತ್ತು. ಅನ್ನಲಿಲ್ಲ. ಡಗ್ಗಾನೂ ಬೇಕು, ಹಲ್ಲಿಯೂ ಬೇಕು ಎಂಬ ಮಾತು ಆಗಲೇ ತಲೆ ಹೊಕ್ಕು ಕೂತುಬಿಟ್ಟಿತ್ತು, ದರಿದ್ರದ್ದು.

ಮೊದಲು ಸ್ಪೀಕರನ್ನು ತಂತಿ ಬಾಗಿಸಿ ಕಿವಿಯಿಂದ ಬೆರಳಷ್ಟು ದೂರ ನಿಲ್ಲಿಸಿದೆ. ಬೀದಿ ಒಳಗೆ ಬಂತು, ಡಗ್ಗಾ ಹೊರಗೆ ಹೋಯಿತು. ಉಳಿದದ್ದು ತಾಳದ ಚಿಣಿಚಿಣಿ. ಹತ್ತಿರ ತಂದರೆ ಡಗ್ಗಾ ಬಂತು, ಬೀದಿ ಮಾಯ. ಅದನ್ನೇ ಹಾಕಿಕೊಂಡು ಸರ್ಕಲ್ ದಾಟಲು ಹೋದೆ. ಆಟೋದವನೊಬ್ಬ ನನ್ನ ಮೊಣಕಾಲಿಗೆ ತಾಗುವಂತೆ ಬ್ರೇಕ್ ಹಾಕಿ ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದ. ತೆಗೆದು ಕೇಳಿದರೆ, "ಅಂಧಾ ಹೈ ಕ್ಯಾ!" ಕುರುಡ ಅಂದನಲ್ಲ, ಕಿವುಡ ಅಂದಿದ್ದರೆ ಒಪ್ಪಿಕೊಳ್ಳುತ್ತಿದ್ದೆ.

ಕಡೆಗೆ ದಾರಿ ಸಿಕ್ಕಿತು. ಸ್ಪೀಕರ್ ಕಿವಿಯ ಮೇಲೆ ಬೇಡ, ಕಿವಿಯ ಮುಂದೆ ಕೆನ್ನೆಗೆ ಆತುಕೊಂಡು, ಅದರ ಮುಖ ಕಿವಿಯ ತೂತಿನ ಕಡೆ ವಾರೆಯಾಗಿರಲಿ. ಅದರ ಬೆನ್ನಿಗೆ ಪೌಡರ್ ಡಬ್ಬಿಯ ಮುಚ್ಚಳ ಕೂರಿಸಿದೆ, ಡಗ್ಗಾ ಚೆದುರದೆ ನಿಂತಿತು. ಮೇಲೆ ಕಪ್ಪು ಸ್ಪಂಜಿನ ಬಳೆ, ಹಿಂಭಾಗ ಟೊಳ್ಳು. ಎದುರು ನಿಂತವರಿಗೆ ಕಿವಿ ಮುಚ್ಚಿದಂತೆ ಕಾಣುತ್ತದೆ, ಹಿಂದಿನಿಂದ ಗಾಳಿಯಾಡುತ್ತದೆ. ಹಾಕಿಕೊಂಡು ಕ್ಯಾಸೆಟ್ ಹಚ್ಚಿದೆ. ಡಗ್ಗಾ ಗುಂಯ್ ಅಂತು. ಪಕ್ಕದ ಅಂಗಡಿಯ ಕರೀಂಸಾಬ್ ಯಾರಿಗೋ "ಗುಂಡಣ್ಣಗ ತಲಿ ಕೆಟ್ಟದ" ಅನ್ನುವುದೂ ಸ್ಪಷ್ಟವಾಗಿ ಕೇಳಿಸಿತು. ಖುಷಿಯಿಂದ ಕುಣಿಯುವುದೊಂದು ಬಾಕಿ.

ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ಬೀದಿಯ ಗದ್ದಲ ಬೇರೆ, ಮನೆಯ ಸದ್ದು ಬೇರೆ. ಅಲ್ಲಿ ಕೂತೇ ನೋಡಬೇಕಿತ್ತು. ದುಂಡಮ್ಮ ಬಾಗಿಲು ತೆಗೆದಳು. ಅವಳು ಹೆಜ್ಜೆಯಿಟ್ಟಲ್ಲೆಲ್ಲ ಘಲ್ ಘಲ್. ಮುಖ ನೋಡಿದರೆ ಏನೂ ತಿಳಿಯಲಿಲ್ಲ, ಅದಕ್ಕೇ ಅವಳ ಮೇಲೂ ಅನುಮಾನ ಬಂತು.

ಮಾಸ್ತರರು ನನ್ನ ಕಿವಿಯಲ್ಲಿ, "ನಾ ಪಾನ್ ಅಂಗಡಿ ತನಕ ಹೋಗಿ ಬರ್ತೀನಿ. ಕೇಳಿದ್ದೆಲ್ಲಾ ನನಗ ಹೇಳ್ಬೇಕು," ಎಂದರು. ಆಮೇಲೆ ಗಟ್ಟಿಯಾಗಿ, "ಇವರು ಸೌಂಡ್ ನೋಡ್ಲಾಕತ್ತಾರ. ಕರದ್ರೂ ಕೇಳಂಗಿಲ್ಲ ಅವರಿಗಿ," ಎಂದು ಕೋಲು ಹಿಡಿದು ಹೊರಟರು.

ನಾನು ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿ ತಾಳಕ್ಕೆ ತಲೆಯಾಡಿಸುತ್ತ ಕೂತೆ.

"ಅಣ್ಣಾರ, ಚಾ ಕುಡೀತೀರೇನ್ರೀ?"

ಬಸ್ಸಿನ ಧೂಳಿಗೆ ಗಂಟಲು ಒಣಗಿತ್ತು. ಆದರೂ ಉತ್ತರ ಕೊಡಲಿಲ್ಲ.

"ಇವರಿಗೂ ಕೇಳವಲ್ದು," ಎಂದು ನಕ್ಕಳು. ಗೆಜ್ಜೆ ಒಳಗೆ ಹೋದವು, ನಿಂತವು. ಗೋಡೆಯ ಗೂಡಿನಲ್ಲಿ ಬೆಳ್ಳಿ ಇಟ್ಟ ಸಣ್ಣ ಸದ್ದು. ಮತ್ತೆ ಘಲ್ ಅನ್ನಲಿಲ್ಲ. ಹಿತ್ತಲ ಚಿಲಕ ಕಿರ್ ಅಂತು. ಯಾರದೋ ಪಿಸುದನಿ! ಎಲಾ ಇವಳ, ಮಾಸ್ತರರ ಮಾತು ಖರೆಯೇ ಆಯಿತಲ್ಲ ಎಂದು ನನ್ನ ಎದೆ ಡಗ್ಗಾಕ್ಕಿಂತ ಜೋರಾಗಿ ಬಡಿದುಕೊಂಡಿತು.

"ಕಾಲ್ ಖಾಲಿ ಅದಾವಲ್ಲಕ್ಕಾ. ಮಾಸ್ತರ್ ಹೊರಗ ಹೋಗ್ಯಾರೇನು?" ಹೆಂಗಸಿನ ದನಿ.

"ಹೂಂ, ಹೋಗ್ಯಾರ, ಬಾ ಮೆಹಬೂಬಿ." ಪಕ್ಕದ ಮನೆಯವಳಿರಬೇಕು. "ಅವರು ಆ ಪೆಟ್ಟಿಗಿ ಹಚ್ಚಕೊಂಡಾಗೂ ದಿನಾ ಹಿಂಗೇ ಗೆಜ್ಜಿ ಬಿಚ್ಚಿ ಇಡ್ತೀನಿ. ನಿಂತ್ರ ಯಾಕ ನಿಂತಿ, ನಡದ್ರ ಎಲ್ಲಿಗಿ ಹೊಂಟಿ, ನಕ್ರ ಯಾರ್ ಬಂದಾರ! ಕಣ್ಣ ಹೋದಾಗ ನಾನೇ ಖುಷಿಲೆ ಕಟ್ಟಕೊಂಡೀನವ್ವ, ನನ್ನ ಸಪ್ಪಳ ಕೇಳಿ ಪಾಪ ಧೈರ್ಯ ಇರ್ಲಿ ಅಂತ. ಈಗ ಎಮ್ಮಿ ಕೊಳ್ಳಾಗಿನ ಗಂಟಿ ಆಗ್ಯಾದ. ಅದಕ್ಕೇ ಆ ಪೆಟ್ಟಿಗಿ ತಂದೆ. ಒಂದು ತಾಸು ನಾ ಎಲ್ಲಿದೀನಿ ಅಂತ ಯಾರಿಗೂ ಗೊತ್ತಿರಬಾರದು. ಬ್ಯಾರೆ ಏನೂ ಬ್ಯಾಡ ನನಗ."

ಆಮೇಲೆ ಗಂಡನ ದನಿಯಲ್ಲಿ "ಯಾರದು? ಯಾರ್ ಬಂದ್ರು?" ಎಂದು ಅಣಕಿಸಿದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ನನಗೆ ನಾಚಿಕೆಯಾಯಿತು. ಥೂ, ಒಬ್ಬ ಹೆಂಗಸಿನ ಒಂದು ತಾಸನ್ನು ಕದಿಯುವ ಯಂತ್ರ ಮಾಡಿ ತಂದಿದ್ದೇನಲ್ಲ!

ಬಾಗಿಲಲ್ಲಿ ಕೋಲು ಟಕ್ ಅಂತು. ಒಳಗೆ ಗಡಿಬಿಡಿ, ಹಿತ್ತಲ ಚಿಲಕ ಕಿರ್, ಮತ್ತೆ ಘಲ್. ಮಾಸ್ತರರು ನನ್ನ ಭುಜ ಹಿಡಿದರು. ನಾನು ಕಿವಿಯದನ್ನು ತೆಗೆದೆ.

"ಏನ್ ಕೇಳ್ತು?"

"ಡಗ್ಗಾ ಬಿಟ್ಟು ಏನೂ ಕೇಳಲಿಲ್ರೀ. ಇದು ನನ್ನ ಕೈಲೆ ಆಗಂಗಿಲ್ಲ." ನನ್ನ ಜನ್ಮದಲ್ಲಿ ಅಷ್ಟು ಚೆಂದದ ಕೆಲಸ ಇನ್ನೊಂದು ಮಾಡಿರಲಿಲ್ಲ.

ಅವರು ಕಿವಿಯನ್ನು ನನ್ನ ಬಾಯಿಯ ಕಡೆ ವಾಲಿಸಿದರು. "ಖರೇ?"

"ಬೇಕಾದ್ರ ಮತ್ತ ಹಾಕ್ಕೋತೀನಿ. ಏನರೆ ಅಂದು ನೋಡ್ರಿ," ಎಂದು ಏರಿಸಿಕೊಂಡು ಕ್ಯಾಸೆಟ್ ಹಚ್ಚಿದೆ. ಮಾಸ್ತರರು ಏನೇನೋ ಅಂದರು, ನಾನು ಕಲ್ಲಿನಂತೆ ಕೂತೆ. ಅಷ್ಟರಲ್ಲಿ ಒಳಗಿನಿಂದ ಮೆಲ್ಲಗೆ ದುಂಡಮ್ಮನ ದನಿ: "ಅಣ್ಣಾರಿಗಿ ಈಗರೆ ಚಾ ತರ್ಲೇನು?"

"ಸಕ್ರಿ ಕಮ್ಮಿ ಹಾಕವ್ವ," ಅಂದುಬಿಟ್ಟೆ.

ನಾಲಿಗೆ ಕಚ್ಚಿಕೊಂಡು ಏನು ಪ್ರಯೋಜನ? ಇದು ಕೇಳಿಸುತ್ತದೆ ಎಂದು ಮಾಸ್ತರರಿಗೂ ತಿಳಿಯಿತು, ನಾನು ಕೇಳಿಸಿಕೊಂಡಿದ್ದೇನೆ ಎಂದು ಅವಳಿಗೂ ತಿಳಿಯಿತು.

ದುಂಡಮ್ಮ ಘಲ್ ಘಲ್ ಎನ್ನುತ್ತ ಹೊರಬಂದಳು. ನನ್ನ ಕಡೆ ನೋಡಲಿಲ್ಲ. ಗಂಡನ ಎದುರು ಕೂತು, ಗೆಜ್ಜೆ ಬಿಚ್ಚಿ ಅವರ ಅಂಗೈಯಲ್ಲಿಟ್ಟಳು.

"ಎಲ್ಲಿದೀ ಅಂತ ಕೇಳ್ರಿ, ಹೇಳ್ತೀನಿ. ಬಾಯಿ ಅದ ನನಗ."

ಮಾಸ್ತರರು ಗೆಜ್ಜೆಯ ಮೇಲೆ ಬೆರಳಾಡಿಸಿದರು. "ನಾ ಬಂದ ಕೂಡಲೆ ಎಲ್ಲಾರೂ ದನಿ ಇಳಸ್ತೀರಿ. ನೀನೂ ಇಳಸ್ತಿ. ಅಂಜಿಕಿ ಬರ್ತದ ನನಗ."

"ನಾನೂ ಅಂಜೇ ಇಳಸ್ತೀನ್ರೀ."

ಮಾಸ್ತರರು ತಡವರಿಸಿ ನನ್ನ ತಲೆಯಿಂದ ಅದನ್ನು ತೆಗೆದು ತಾವು ಹಾಕಿಕೊಂಡರು. ಕ್ಯಾಸೆಟ್ ತಿರುಗುತ್ತಿತ್ತು. ದುಂಡಮ್ಮ ಬರಿಗಾಲಲ್ಲಿ ಎದ್ದು ನಿಂತಳು.

"ದುಂಡಮ್ಮಾ, ಎಲ್ಲಿದೀ?"

ಅವಳು ಅವರ ಎದುರಿಗೇ ಇದ್ದಳು, ಕೈಗೆ ಸಿಗುವಷ್ಟು ಹತ್ತಿರ. ಉತ್ತರ ಕೊಡಲಿಲ್ಲ. ನನ್ನ ಕಡೆ ನೋಡಿದಳು. ಸಕ್ಕರೆಗೆ ತಡೆಯದ ನನ್ನ ಬಾಯಿ ಈ ಸಲ ಮುಚ್ಚಿಕೊಂಡಿತ್ತು. ಅಷ್ಟು ಹತ್ತಿರದ ಉಸಿರು ಡಗ್ಗಾದ ನಡುವೆಯೂ ಅದರಲ್ಲಿ ಕೇಳುತ್ತದೆ. ಮಾಡಿದವನು ನಾನು, ನನಗೆ ಗೊತ್ತಿಲ್ಲವೇ? ಮಾಸ್ತರರಿಗೂ ಕೇಳುತ್ತಲೇ ಇತ್ತು. ಆದರೂ ಕೈ ಚಾಚಲಿಲ್ಲ. ಗೆಜ್ಜೆಗಳನ್ನು ಮುಷ್ಟಿಯಲ್ಲಿ ಹಿಡಿದು ಕಾದರು.

"ಇಲ್ಲೇ ಅದೀನ್ರೀ," ಎಂದಳು ಕಡೆಗೆ.

ಮಾಸ್ತರರು ಹೂಂ ಎಂದರು. ಆಮೇಲೆ ವಾಲ್ಯೂಮಿನ ಗಾಲಿಯನ್ನು ಪೂರ್ತಿ ತಿರುಗಿಸಿದರು, ಅವಳ ಉಸಿರು ಮುಳುಗುವಷ್ಟು, ಡಗ್ಗಾ ನನಗೂ ಕೇಳುವಷ್ಟು.